ನೋಡಿದ್ದೀಯೇನವ್ವಾ?

ಪುಟ್ಟಸ್ವಾಮಿ ಮೇಷ್ಟ್ರು ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದನ್ನು ನಾನಂತೂ ಕಾಣೆ. ಒಂದು ಒಳ್ಳೆಯ ಹೋಲಿಕೆ ಕಿವಿಗೆ ಬಿದ್ದರೆ ಸಾಕು, ಪಂಚೆ ಎತ್ತಿಕಟ್ಟಿ ಬೆಂಚುಗಳ ನಡುವೆ ಓಡಾಡಿಬಿಡುವರು. ಎಪ್ಪತ್ತರ ದಶಕದಲ್ಲಿ ನಂಜನಗೂಡಿನ ನಮ್ಮ ಹೈಸ್ಕೂಲಿಗೆ ಹೆಡತಲೆ ಎಂಬ ಹಳ್ಳಿಯಿಂದ ಸೈಕಲ್ ತುಳಿದು ಬರುತ್ತಿದ್ದ ಹಂಗಾಮಿ ಇಂಗ್ಲಿಷ್ ಮೇಷ್ಟ್ರು ಅವರು.

ಮೊದಲ ದಿನವೇ ನಾನು ಗೈಡಿನಲ್ಲಿದ್ದುದನ್ನು ಗಿಣಿಪಾಠ ಒಪ್ಪಿಸಿದೆ: "ಆ್ಯಸ್ ವೈಟ್ ಆ್ಯಸ್ ಸ್ನೋ."

"ಇಮ ನೋಡಿದ್ದೀಯೇನವ್ವಾ?" ಎಂದರು ಮೇಷ್ಟ್ರು, ಹಿಮವನ್ನು ಇಮ ಎನ್ನುವ ನಮ್ಮ ಸೀಮೆಯ ಮಾತಿನಲ್ಲೇ.

"ಇಲ್ಲ ಸಾರ್."

"ನಾನೂ ನೋಡಿಲ್ಲ. ಕಾಣದ್ದನ್ನ ಕಂಡಂಗೆ ಏಳುದ್ರೆ ಅದು ಸುಳ್ಸಾಕ್ಷಿ ಕಣವ್ವಾ! ನಾಳಿಕ್ಕೆ ಕಣ್ಣಾರೆ ಕಂಡಿರೋದ್ನ ತಕಬಾ."

ಅಬ್ಬಾ, ಆಮೇಲೆ ನಮಗೆ ಹಿಡಿದ ಹುಚ್ಚೇ! ಕಪಿಲೆಯ ದಂಡೆಯಲ್ಲಿ, ರೈಲ್ವೆ ಗೇಟಿನಲ್ಲಿ, ಎಲ್ಲೆಲ್ಲೂ ಸಿಮಿಲಿ, ಅಂದರೆ ಹೋಲಿಕೆ, ಹುಡುಕಿದ್ದೇ ಹುಡುಕಿದ್ದು. ನಮ್ಮಜ್ಜಿಯ ರೊಟ್ಟಿ ಹೆಂಚಿನಷ್ಟು ಕಪ್ಪು ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದೆ. "ಬಂತು ಕಣ್ರಪ್ಪಾ, ಇಂಗ್ಲಿಷು ನಮ್ಮ ಅಡಿಗೆಮನೆಗೇ ಬಂತು!" ಎಂದು ಮೇಷ್ಟ್ರು ಕುಣಿದೇಬಿಟ್ಟರು. ಮೆಟಫರ್ ಕಲಿಸಿದ್ದಂತೂ ಇನ್ನೂ ಮಜಾ. "ಎಡ್ಮಾಸ್ಟ್ರು ಉಲಿಯಂಗವ್ರೆ ಅಂದ್ರೆ ಸಿಮಿಲಿ. ಅವ್ರು ಕಂಡೇಟ್ಗೆ 'ಉಲಿ ಬಂತು' ಅಂತ ಓಡ್ತೀರಲ್ಲ, ಅದು ಮೆಟಫರ್ರು!"

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿಯಾಯಿತು. ಅವರು ಮೆಚ್ಚಿದರೆ ಮೇಷ್ಟ್ರ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಪಾಪ. "ರೀ, ಇವತ್ತೊಂದಿನ ಗೈಡಲ್ಲಿರೋದೇ ಹೇಳ್ಸ್ರೀ" ಎಂದು ಹೆಡ್‌ಮಾಸ್ಟರು ಅಂಗಲಾಚಿದರು. ಮೇಷ್ಟ್ರು ಸೀದಾ ಕ್ಲಾಸಿಗೆ ಬಂದು, "ನನ್ ಕೆಲ್ಸದ ಚಿಂತೆ ನಂಗಿರ್ಲಿ. ನೀವು ಸುಳ್ಸಾಕ್ಷಿ ಮಾತ್ರ ಏಳ್ಬ್ಯಾಡಿ" ಎಂದರು.

ಇನ್‌ಸ್ಪೆಕ್ಟರು ನನ್ನನ್ನೇ ಎಬ್ಬಿಸಬೇಕೆ! "ಆ್ಯಸ್ ಸ್ವೀಟ್ ಆ್ಯಸ್?"

ಗೈಡಿನ ಪ್ರಕಾರ ಜೇನು. ನಾನು ಜೇನು ನೆಕ್ಕಿದ್ದೆಲ್ಲ ಕೆಮ್ಮಿನ ಕಷಾಯದ ಜೊತೆಗೆ, ಕಹಿಯೋ ಕಹಿ. ಕೂಗಿಯೇಬಿಟ್ಟೆ: "ಆ್ಯಸ್ ನಂಜನಗೂಡು ರಸಬಾಳೆ, ಸಾರ್!"

ಹೆಡ್‌ಮಾಸ್ಟರು ಹಣೆ ಚಚ್ಚಿಕೊಂಡರು. "ಇದ್ಯಾವ ಸೀಮೆ ಇಂಗ್ಲಿಷ್ ರೀ?" ಎಂದು ಇನ್‌ಸ್ಪೆಕ್ಟರು ಗುಡುಗಿದರು. ಮೇಷ್ಟ್ರು ಮುಂದೆ ಬಂದರು. ಸೀಮೆಸುಣ್ಣ ಮೇಜಿನ ಮೇಲಿಟ್ಟರು.

"ಸಾ, ನೀವು ತಿಂದಿದ್ದೀರಾ?"

ಬೇರೆ ಜಿಲ್ಲೆಯಿಂದ ಬಂದವರು, ತಿಂದಿರಲಿಲ್ಲ. ಜವಾನ ಓಡಿಹೋಗಿ ಒಂದು ಚಿಪ್ಪು ತಂದ. ಇನ್‌ಸ್ಪೆಕ್ಟರು ಒಂದು ಹಣ್ಣು ತಿಂದರು. ಇನ್ನೊಂದಕ್ಕೆ ಕೈಹಾಕುತ್ತಾ ನನ್ನ ಕಡೆ ತಿರುಗಿ, "ಕರೆಕ್ಟ್ ಕಣಮ್ಮಾ" ಎಂದರು. ಇಡೀ ಕ್ಲಾಸು ಹೋ ಎಂದು ಕಿರುಚಿತು.

ಕೆಲಸ ಕಾಯಂ ಆಯಿತು, ಆದರೆ ತಿ. ನರಸೀಪುರಕ್ಕೆ. ಬಸ್‌ಸ್ಟ್ಯಾಂಡಿನಲ್ಲಿ ನಾವೆಲ್ಲ ಗೊಳೋ ಎಂದು ಅತ್ತೆವು.

ಎಂಬತ್ತರ ದಶಕದಲ್ಲಿ ನಾನೂ ಇಂಗ್ಲಿಷ್ ಟೀಚರಾಗಿ ಅದೇ ನರಸೀಪುರದ ಶಾಲೆಗೆ ಹೋದೆ. ಕೊನೆತನಕ ಅಲ್ಲೇ ಪಾಠ ಮಾಡಿದ್ದ ಮೇಷ್ಟ್ರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಒಂದು ವರ್ಷ ಮೊದಲೇ ಬರಬಾರದಿತ್ತೇ ಎಂದು ಮರುಗಿದೆ. ಅಂದು ಬೋರ್ಡಿನ ಮೇಲೆ 'ಆ್ಯಸ್ ಬ್ರೇವ್ ಆ್ಯಸ್' ಎಂದು ಬರೆದೆ. ಮಕ್ಕಳು ಸಿಂಹ ಸಿಂಹ ಎಂದು ಕೂಗಿದರು. ನಾನು 'ಪುಟ್ಟಸ್ವಾಮಿ ಮೇಷ್ಟ್ರು' ಎಂದು ಬರೆದೆ.

ಸೋಸಲೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಅವ್ರನ್ನ ನೀವು ನೋಡಿದ್ದೀರಾ ಮಿಸ್?"

"ನೋಡಿದ್ದೀನಿ ಕಣವ್ವಾ" ಎಂದೆ.