ಲಿಫ್ಟ್ ಕೆಟ್ಟರೆ ಹತ್ತು ನಿಮಿಷ

ನನ್ನ ಚಿಕ್ಕಮ್ಮನಿಗೆ ಎರಡು ಕೆಲಸ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿಗೆ ಫ್ರೇಮು ಹೊಂದಿಸುವುದು ಒಂದು. ವಾರಪತ್ರಿಕೆಗೆ ಪ್ರೇಮದ ಧಾರಾವಾಹಿ ಬರೆಯುವುದು ಇನ್ನೊಂದು. ಎರಡೂ ನಡೆಯುವುದು ಒಂದೇ ಗಾಜಿನ ಕೌಂಟರಿನ ಹಿಂದೆ. ಒಳಗಿನ ಡಾಕ್ಟರು ಗಿರಾಕಿಯ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂತಿರಿ ಎಂದು ಹೊರಗೆ ಕಳಿಸುತ್ತಾರಲ್ಲ, ಆ ಹೊತ್ತಿನಲ್ಲಿ ಅವಳ ನಾಯಕ ನಾಯಕಿ ಭೇಟಿಯಾಗುತ್ತಾರೆ. ಗಿರಾಕಿ ಕಣ್ಣು ಬಿಡುವಷ್ಟರಲ್ಲಿ ಒಂದು ಜಗಳವೋ ಒಂದು ರಾಜಿಯೋ ಆಗಿ ಮುಗಿದಿರುತ್ತದೆ. ಅವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಓದಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ ಆದ್ದರಿಂದ, ಟೈಪ್ ಮಾಡುವ ಕೆಲಸ ಅಕ್ಕನ ಮಗಳಾದ ನನ್ನ ತಲೆಗೆ ಬಿದ್ದಿದೆ.

ನನಗೆ ಪ್ರೇಮಕತೆ ಕಂಡರೆ ಆಗುವುದಿಲ್ಲ. ನಾಯಕರಿಗೆ ಹೋಗಲು ಕೆಲಸವಿರುವುದಿಲ್ಲ, ನಾಯಕಿಯರಿಗೆ ನೆಗಡಿಯಾಗುವುದಿಲ್ಲ, ಯಾರ ಮನೆಯಲ್ಲೂ ಗ್ಯಾಸ್ ಖಾಲಿಯಾಗುವುದಿಲ್ಲ. ಆದರೂ ಟೈಪ್ ಮಾಡುತ್ತೇನೆ. ಚಿಕ್ಕಮ್ಮ ಬಂದು ಬೆನ್ನ ಹಿಂದೆ ನಿಂತು, "ಇಲ್ಲಿ ಒಂದು ನಿಟ್ಟುಸಿರು ಬಿಟ್ಟಿದೀಯ ನೋಡು" ಎನ್ನುತ್ತಾಳೆ. ಬಿಟ್ಟ ನಿಟ್ಟುಸಿರನ್ನು ಸೇರಿಸುತ್ತೇನೆ.

ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಅವರನ್ನು ಮಿತಭಾಷಿ ಎಂದರೆ ಅದೂ ಜಾಸ್ತಿಯಾಯಿತು. ಹಿರಿಯರು ಗೊತ್ತುಮಾಡಿದ ಮದುವೆ, ಮೊದಲ ಸಲ ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅವರು ಕೇಳಿದ್ದು, "ನಿಮ್ಮನೆ ಎಷ್ಟನೇ ಮಹಡಿ?" ಚಿಕ್ಕಮ್ಮ "ಎರಡನೇದು" ಎಂದಳು. "ಹಾಗಾದ್ರೆ ಮೆಟ್ಟಿಲೇ ಸಾಕು" ಎಂದರು. ಅಲ್ಲಿಗೆ ಪ್ರೇಮಸಲ್ಲಾಪ ಮುಗಿಯಿತು. ಇಷ್ಟು ವರ್ಷಗಳಲ್ಲಿ ಅದನ್ನು ಮೀರಿಸುವ ಮಾತು ಆ ಬಾಯಿಂದ ಬಂದಿಲ್ಲ ಎಂದು ಚಿಕ್ಕಮ್ಮ ಎಲ್ಲರ ಮುಂದೆ ಹೇಳಿ ನಗುತ್ತಾಳೆ. ಚಿಕ್ಕಪ್ಪ ಇಲ್ಲವೆನ್ನುವುದಿಲ್ಲ.

ಆದರೆ ಅವಳ ಕತೆಗಳ ಮೊದಲ ಶ್ರೋತೃ ಅವರೇ. ಭಾನುವಾರ ಬೆಳಿಗ್ಗೆ ಅವರು ವಾರದ ಯೂನಿಫಾರ್ಮುಗಳನ್ನು ಸಾಲಾಗಿ ಇಸ್ತ್ರಿ ಮಾಡುತ್ತಾರೆ, ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಹೊಸ ಕಂತು ಓದುತ್ತಾಳೆ. ಪ್ರೇಮಿ ಗುಲಾಬಿ ಹಿಡಿದು ನೀರಿನ ಪೈಪು ಹತ್ತಿ ಮೂರನೇ ಮಹಡಿಯ ಕಿಟಕಿಗೆ ಬಂದರೆ, "ಎರಡೂ ಕೈ ಪೈಪಿಗೆ ಬೇಕು. ಹೂವು ಎಲ್ಲಿಟ್ಕೊಂಡಿದ್ದ?" ಎಂದು ಕೇಳುತ್ತಾರೆ. ಹೂವು ಹೋಯಿತು. ನಾಯಕಿ ರಾತ್ರಿಯಿಡೀ ಅತ್ತು ಬೆಳಿಗ್ಗೆ ಹೂವಿನಂಥ ಮುಖ ಹೊತ್ತು ಆಫೀಸಿಗೆ ಹೊರಟರೆ, "ಕಣ್ಣು ಊದ್ಕೊಂಡಿರುತ್ತೆ" ಎನ್ನುತ್ತಾರೆ. ಕಣ್ಣಿನ ವಿಷಯ ಚಿಕ್ಕಮ್ಮನಿಗೇ ಹೊಳೆಯಬೇಕಿತ್ತು. ನಾಚಿಕೆಪಟ್ಟುಕೊಂಡು ನಾಯಕಿಯ ಅಳುವನ್ನು ಊಟಕ್ಕೆ ಮುಂಚೆಯೇ ನಿಲ್ಲಿಸಿದಳು.

ಹೀಗಿರುವಾಗ ವಾರಪತ್ರಿಕೆಯ ಸಂಪಾದಕರು ಫೋನ್ ಮಾಡಿದರು. "ಮೇಡಂ, ಓದುಗರು ಬದಲಾಗಿದ್ದಾರೆ. ಈ ಸಲ ಸ್ವಲ್ಪ ವಾಸ್ತವ ಬೇಕು. ಪ್ರೀತೀನೂ ಇರ್ಲಿ. ಕೊನೆ ಮಾತ್ರ ಸುಖವಾಗಿ ಮುಗೀಲೇಬೇಕು." ಸಕ್ಕರೆ ಕಮ್ಮಿ, ಹಾಲು ಜಾಸ್ತಿ ಎಂದು ಕಾಫಿ ಹೇಳಿದ ಹಾಗೆ ಹೇಳಿದರು.

ವಾಸ್ತವವನ್ನು ಹುಡುಕಿಕೊಂಡು ಚಿಕ್ಕಮ್ಮ ದೂರ ಹೋಗಬೇಕಾಗಿರಲಿಲ್ಲ. ಅದು ಮನೆಯಲ್ಲೇ ಇಸ್ತ್ರಿ ಮಾಡುತ್ತಾ ನಿಂತಿತ್ತು. ಹೊಸ ಧಾರಾವಾಹಿಯ ನಾಯಕ ಲಿಫ್ಟ್ ಮೆಕ್ಯಾನಿಕ್ ಆದ. ನಾಯಕಿ ಐದನೇ ಮಹಡಿಯ ಆಫೀಸಿನಲ್ಲಿ ಫೋನ್ ಎತ್ತುವವಳು. ಅವನು ತಿಂಗಳಿಗೊಮ್ಮೆ ಲಿಫ್ಟಿಗೆ ಎಣ್ಣೆ ಹಾಕಲು ಬರುತ್ತಾನೆ. ತಿಂಗಳಿಗೊಮ್ಮೆ ಅವಳಿಗೆ ವರಾಂಡದಲ್ಲಿ ಏನೋ ಕೆಲಸ ಬೀಳುತ್ತದೆ. ಮಾತು ಕಮ್ಮಿ, ನೋಟ ಜಾಸ್ತಿ. ಓದುಗರಿಗೆ ಹಿಡಿಸಿತು. ನನಗೂ ಹಿಡಿಸಿತು, ಆದರೆ ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕೊನೆಯ ಕಂತಿನಲ್ಲಿ ನಾಯಕಿ ಲಿಫ್ಟಿನೊಳಗೆ ಸಿಕ್ಕಿಕೊಳ್ಳಬೇಕು, ನಾಯಕ ಒಂದು ಗಂಟೆ ಹೆಣಗಿ ಬಿಡಿಸಬೇಕು, ಆ ಒಂದು ಗಂಟೆಯಲ್ಲಿ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿಬಿಡಬೇಕು. ಚಿಕ್ಕಮ್ಮನ ಲೆಕ್ಕಾಚಾರ ಅದು.

"ಒಂದು ಗಂಟೆ ಯಾಕೆ?" ಎಂದರು ಚಿಕ್ಕಪ್ಪ.

"ಲಿಫ್ಟ್ ಕೆಟ್ಟಿದೆಯಲ್ಲ ರೀ."

"ಕೆಟ್ರೆ ಹತ್ತು ನಿಮಿಷ. ಮೇಲೆ ಮೆಷಿನ್ ರೂಮಿಗೆ ಹೋಗಿ ಕರೆಂಟ್ ಆಫ್ ಮಾಡೋದು. ಒಬ್ಬ ಬ್ರೇಕ್ ಬಿಡಿಸಿ ಹಿಡ್ಕೊಳ್ಳೋದು, ಇನ್ನೊಬ್ಬ ಚಕ್ರ ತಿರುಗಿಸೋದು. ಒಳಗೆ ಒಬ್ಳೇ ಇದ್ರೆ ಪೆಟ್ಟಿಗೆ ಹಗುರ. ಹಗ್ಗದ ಆ ಕಡೆ ಕಬ್ಬಿಣದ ತೂಕ ಇರುತ್ತೆ, ಅದು ಭಾರ. ಬ್ರೇಕ್ ಬಿಟ್ರೆ ಪೆಟ್ಟಿಗೆ ತಾನಾಗೇ ಮೇಲಕ್ಕೆ ಬರುತ್ತೆ. ಚಕ್ರದ ಮೇಲೆ ಸುಮ್ನೆ ಕೈಯಿಟ್ಟಿದ್ರೆ ಸಾಕು."

"ಅವನಿಗೆ ಕೈ ನಡುಗಿ ತಡ ಆಯ್ತು ಅಂತ ಬರೀಲಾ?"

"ಕೈ ನಡುಗೋನಿಗೆ ಈ ಕೆಲಸ ಕೊಡಲ್ಲ."

"ರೀ, ಒಳಗಿರೋದು ಅವನು ಪ್ರೀತಿಸೋ ಹುಡುಗಿ."

"ಲಿಫ್ಟಿಗೆ ಅದು ಗೊತ್ತಿರಲ್ಲ" ಎಂದು ಚಿಕ್ಕಪ್ಪ ಅಂಗಿಯ ತೋಳನ್ನು ತಿರುವಿ ಹಾಕಿ ಇಸ್ತ್ರಿ ಮುಂದುವರಿಸಿದರು. ಅವರು ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಚಿಕ್ಕಮ್ಮ ಸೋಲೊಪ್ಪದೆ ಹತ್ತು ನಿಮಿಷದೊಳಗೇ ಪ್ರೀತಿಯನ್ನು ತುರುಕಲು ನೋಡಿದಳು. ಅದೂ ಆಗಲಿಲ್ಲ. ನಾಯಕ ಚಾವಣಿಯ ಮೇಲೆ, ನಾಯಕಿ ಮಹಡಿಗಳ ನಡುವೆ. ಅಲ್ಲಿಂದ ಅವನು "ನಿನ್ನನ್ನು ಬಿಟ್ಟು ಬದುಕಲಾರೆ" ಎಂದು ಕೂಗಿದರೆ ಅವಳಿಗಿಂತ ಮೊದಲು ಐದನೇ ಮಹಡಿಯ ಗುಮಾಸ್ತರಿಗೆ ಕೇಳಿಸುತ್ತದೆ.

ಆ ವಾರ ನಾನು ಅಂಗಡಿಗೆ ಹೋದಾಗ ಅವಳು ಒಂದೇ ಗಾಜನ್ನು ಒರೆಸುತ್ತಾ ಕೂತಿದ್ದಳು. ಎದುರಿಗೆ ಹನಿ ಹಾಕಿಸಿಕೊಂಡ ಮುದುಕರೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಅವಳ ಮಡಿಲಲ್ಲಿ ಹಾಳೆ ಇರಲಿಲ್ಲ.

"ಇಷ್ಟು ವರ್ಷ ಸುಖಾಂತ್ಯ ಬರ್ದೆ ಕಣೇ. ಒಂದನ್ನೂ ಹತ್ತಿರದಿಂದ ನೋಡಿಲ್ಲ" ಎಂದಳು. "ನಿಮ್ಮ ಚಿಕ್ಕಪ್ಪ ಒಳ್ಳೇವ್ರು, ಇಲ್ಲ ಅನ್ನಲ್ಲ. ಆದ್ರೆ ಒಳಗೆ ನಾನಿದ್ರೂ ಹತ್ತು ನಿಮಿಷ, ಯಾರಿದ್ರೂ ಹತ್ತು ನಿಮಿಷ. ಅವರು ಹೇಳೋದೇ ಸರಿ ಅಂದ್ಮೇಲೆ ನಾನು ಬರೀತಿರೋದೆಲ್ಲ ಸುಳ್ಳು ತಾನೆ? ಇದೊಂದು ಮುಗಿಸಿ ಬರೆಯೋದೇ ಬಿಟ್ಬಿಡ್ತೀನಿ."

ತಮಾಷೆ ಮಾಡಿ ನಗಿಸುವ ಹೊತ್ತು ಅದಾಗಿರಲಿಲ್ಲ. ನಿಜಕ್ಕೂ ಸಂಕಟವಾಯಿತು. ಬರೆಯದ ಚಿಕ್ಕಮ್ಮ ಹೇಗಿರುತ್ತಾಳೆಂದು ಊಹಿಸಲೂ ನನಗೆ ಇಷ್ಟವಿರಲಿಲ್ಲ. ಕಣ್ಣು ಮುಚ್ಚಿ ಕೂತಿದ್ದ ಮುದುಕರು, "ಬಿಡ್ಬೇಡಮ್ಮ, ನಮ್ಮನೇಲಿ ಓದ್ತಾರೆ" ಎಂದರು.

ಅವಳು ಕೊನೆಯ ಕಂತನ್ನು ಒಂದೇ ಸಲಕ್ಕೆ ಬರೆದಳು. ಲಿಫ್ಟು ಕೆಡುತ್ತದೆ. ಹತ್ತು ನಿಮಿಷಕ್ಕೆ ಬಾಗಿಲು ತೆರೆಯುತ್ತದೆ. ನಾಯಕಿ "ಥ್ಯಾಂಕ್ಸ್" ಎಂದು ಕೆಲಸಕ್ಕೆ ಹೋಗುತ್ತಾಳೆ. ಮುಂದಿನ ತಿಂಗಳಿನಿಂದ ಆ ಕಟ್ಟಡಕ್ಕೆ ಬೇರೊಬ್ಬ ಮೆಕ್ಯಾನಿಕ್ ಬರುತ್ತಾನೆ. ಭಾನುವಾರ ಅದನ್ನು ಓದಿದಾಗ ಚಿಕ್ಕಪ್ಪ ಕಾಲರನ್ನು ಮಡಚಿ, "ಇದು ಸರಿಯಾಗಿದೆ. ಒಂದೂ ತಪ್ಪಿಲ್ಲ" ಎಂದರು. ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಹೊಗಳಿಸಿಕೊಂಡವರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂಪಾದಕರ ಕಚೇರಿ ಇರುವುದೂ ಒಂದು ಐದನೇ ಮಹಡಿಯಲ್ಲೇ. ಕಂತು ಕೊಟ್ಟು, ಇನ್ನು ಬರೆಯುವುದಿಲ್ಲವೆಂಬ ಮಾತನ್ನು ಎದುರೆದುರೇ ಹೇಳಿ ಬರುತ್ತೇನೆಂದು ಚಿಕ್ಕಮ್ಮ ಒಂದು ಮಧ್ಯಾಹ್ನ ಹೊರಟಳು. ಧೈರ್ಯಕ್ಕೆ ನನ್ನನ್ನೂ ಕರೆದಳು. ಚಿಕ್ಕಪ್ಪನ ಕೆಲಸ ನೋಡಿ ಬೆಳೆದ ನಾನು ಲಿಫ್ಟ್ ಹತ್ತುವವಳಲ್ಲ, ಮೆಟ್ಟಿಲು ಹಿಡಿದೆ. ಅವಳಿಗೆ ಮಂಡಿನೋವು, ಲಿಫ್ಟ್ ಹತ್ತಿದಳು. ನಾನು ಏದುಸಿರು ಬಿಡುತ್ತಾ ಐದನೇ ಮಹಡಿ ತಲುಪಿದರೆ ಅವಳ ಸುಳಿವಿಲ್ಲ. ಕೆಳಗೆ ಯಾರೋ ಲಿಫ್ಟು ನಿಂತುಹೋಯಿತೆಂದು ಕೂಗುತ್ತಿದ್ದರು. ಮೂರನೇ ಮತ್ತು ನಾಲ್ಕನೇ ಮಹಡಿಯ ಮಧ್ಯೆ ಸಿಕ್ಕಿಕೊಂಡಿತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಆ ಬೀದಿಯ ಲಿಫ್ಟುಗಳೆಲ್ಲ ಅವರ ಕಂಪನಿಯವೇ.

"ಯಾವ ಕಟ್ಟಡ?" ಹೇಳಿದೆ. "ಎಡಗಡೆದಾ, ಬಲಗಡೆದಾ?" ಹೇಳಿದೆ. "ಒಳಗೆ ಎಷ್ಟು ಜನ?"

"ಚಿಕ್ಕಮ್ಮ ಒಬ್ಳೇ" ಎಂದೆ. ಫೋನ್ ಕಟ್ಟಾಯಿತು. ಸಿಗ್ನಲ್ ಹೋಗಿರಬೇಕು ಎಂದುಕೊಂಡೆ.

ಅವರು ಬಂದಾಗ ತಲೆಯ ಮೇಲೆ ಬೈಕಿನ ಹೆಲ್ಮೆಟ್ಟು ಹಾಗೇ ಇತ್ತು. ಜೊತೆಗೆ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ಕೂ ಬಂದಿದ್ದರು. ಮೂರನೇ ಮಹಡಿಯ ಬಾಗಿಲ ಮುಂದೆ ಆಫೀಸುಗಳ ಜನವೆಲ್ಲ ಸೇರಿ ತಲೆಗೊಂದು ಸಲಹೆ ಕೊಡುತ್ತಿದ್ದರು. ಇಂಥ ಹೊತ್ತಿಗೆಂದೇ ಚಿಕ್ಕಪ್ಪನ ಬಳಿ ಒಂದು ವಾಕ್ಯವಿದೆ: "ಬಾಗಿಲು ಮುಟ್ಟಬೇಡಿ, ಹತ್ತು ನಿಮಿಷ." ಒಳಗಿರುವವರು ದೊಡ್ಡ ಸಾಹೇಬರಾದರೂ ಅಷ್ಟೇ ಮಾತು. ಆವತ್ತು ಅವರು ಜನರನ್ನು ಸರಿಸಿ, ಬಾಗಿಲ ಸಂದಿಗೆ ಬಾಯಿಟ್ಟರು.

"ಊಟ ಆಯ್ತಾ?"

ಒಳಗಿನಿಂದ ಚಿಕ್ಕಮ್ಮನ ಧ್ವನಿ ಬಂತು. "ಇಲ್ಲ ರೀ. ಮನೆಗೆ ಹೋಗಿ ಮಾಡೋಣ ಅಂತಿದ್ದೆ."

"ಸರಿ" ಎಂದವರೇ ಮೆಟ್ಟಿಲ ಕಡೆ ಓಡಿದರು. ಚಿಕ್ಕಪ್ಪ ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದೆಯೇ ನಾನೂ ಓಡಿದೆ.

ಚಾವಣಿಯ ಮೆಷಿನ್ ರೂಮು ಇಕ್ಕಟ್ಟು, ಗ್ರೀಸಿನ ವಾಸನೆ. ಕರೆಂಟ್ ಆಫ್ ಮಾಡಿದರು. ಹಿರಿಯ ಮೆಕ್ಯಾನಿಕ್ ಬ್ರೇಕ್ ಬಿಡಿಸಿ ಹಿಡಿದರು. ಚಿಕ್ಕಪ್ಪ ಚಕ್ರಕ್ಕೆ ಕೈಹಾಕಿ ತಿರುಗಿಸತೊಡಗಿದರು.

"ಗುರುವೇ, ಒಬ್ರೇ ಇರೋದು" ಎಂದರು ಹಿರಿಯರು. "ಮೇಲಕ್ಕೆ ಬಿಡಿ, ತಾನಾಗೇ ಬರುತ್ತೆ."

"ಗೊತ್ತು" ಎಂದು ಚಿಕ್ಕಪ್ಪ ಕೆಳಕ್ಕೇ ತಿರುಗಿಸಿದರು.

ಹಗ್ಗದ ಆ ಕಡೆಯ ಕಬ್ಬಿಣವನ್ನಷ್ಟೂ ಎದುರು ಹಾಕಿಕೊಂಡು ತಿರುಗಿಸಿದರು. ಸ್ವಲ್ಪ ಎಳೆಯುವುದು, ಬ್ರೇಕ್ ಹಾಕಿಸುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ಎಳೆಯುವುದು. ಹೆಲ್ಮೆಟ್ಟಿನೊಳಗಿಂದ ಬೆವರು ಇಳಿದು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಹಿರಿಯರು ಇನ್ನೊಂದು ಸಲ ಹೇಳಿದರು. ಆಮೇಲೆ ನನ್ನ ಮುಖ ನೋಡಿ, ಹೇಳುವುದನ್ನು ಬಿಟ್ಟು ಬ್ರೇಕ್ ಹಿಡಿದುಕೊಂಡು ನಿಂತರು. ಮುಕ್ಕಾಲು ಗಂಟೆ ಹಿಡಿಯಿತು.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಚಿಕ್ಕಮ್ಮ ಕಂತಿನ ಲಕೋಟೆಯಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದಳು.

"ಹತ್ತು ನಿಮಿಷ ಅಂದಿದ್ರಿ" ಎಂದಳು.

ಚಿಕ್ಕಪ್ಪ ತಮ್ಮ ಅಂಗೈ ನೋಡಿಕೊಂಡರು. ಚರ್ಮ ಸುಲಿದಿತ್ತು. "ಕೆಳಕ್ಕೆ ತಿರುಗಿಸ್ಬಿಟ್ಟೆ."

"ಒಬ್ರೇ ಇದ್ರೆ ಮೇಲಕ್ಕಲ್ವಾ?" ಪಾಠ ಅವಳಿಗೆ ಬಾಯಿಗೆ ಬರುತ್ತಿತ್ತು.

"ಹೌದು."

"ಮತ್ತೆ?"

"ನಿನ್ನ ಧ್ವನಿ ಇಲ್ಲಿ ಕೇಳಿಸ್ತು. ಇಲ್ಲಿಗೇ ತರ್ಬೇಕು ಅನ್ನಿಸ್ತು. ತಲೆ ಓಡ್ಲಿಲ್ಲ."

ಚಿಕ್ಕಮ್ಮ ಕೈಚಾಚಿ ಅವರ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು. ಸುತ್ತ ನಿಂತಿದ್ದ ಆಫೀಸಿನವರು ಯಾಕೋ ತಮ್ಮ ತಮ್ಮ ಕೆಲಸ ನೆನಪಾದವರಂತೆ ಕರಗಿದರು. ಪ್ರೇಮಕತೆ ಕಂಡರಾಗದ ನಾನು ಗೋಡೆಯ ಕಡೆ ತಿರುಗಿ, ಈ ಲಿಫ್ಟಿನಲ್ಲಿ ಎಷ್ಟು ಜನ ಹೋಗಬಹುದೆಂಬ ಫಲಕವನ್ನು ಓದುತ್ತಾ ಕಣ್ಣು ಒರೆಸಿಕೊಂಡೆ. ಸಂಪಾದಕರ ಕಚೇರಿಗೆ ಆವತ್ತು ನಾವ್ಯಾರೂ ಹೋಗಲಿಲ್ಲ. ಅವಳು ಅವರ ಮೊಣಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಕೊನೆಯ ಕಂತನ್ನು ಹೊಸದಾಗಿ ಬರೆದಳು. ಅದರಲ್ಲಿ ನಾಯಕ ಚಕ್ರವನ್ನು ಉಲ್ಟಾ ತಿರುಗಿಸುತ್ತಾನೆ. ಮನಸ್ಸು ಬಿಚ್ಚುವ ಮಾತು ಒಂದೂ ಇಲ್ಲ. ಊಟ ಆಯಿತಾ ಎಂದು ಕೇಳುತ್ತಾನೆ, ಅಷ್ಟೇ. ಭಾನುವಾರ ಓದಿದಾಗ ಚಿಕ್ಕಪ್ಪ ತಪ್ಪು ಹಿಡಿಯಲಿಲ್ಲ, ಸರಿಯಾಗಿದೆ ಎಂದೂ ಹೇಳಲಿಲ್ಲ. ಒಂದೇ ತೋಳಿಗೆ ಎರಡು ಸಲ ಇಸ್ತ್ರಿ ಹಾಕಿದರು. ನಾನೇ ಕಂತನ್ನು ಕಳಿಸಿದೆ.

ಮರುವಾರ, ಮತ್ತದೇ ಇಸ್ತ್ರಿಯ ಹೊತ್ತಿಗೆ, ಸಂಪಾದಕರ ಫೋನ್ ಬಂತು. ಚಿಕ್ಕಮ್ಮ ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಮೇಡಂ, ಪ್ರೀತಿ ಚೆನ್ನಾಗಿದೆ. ಸುಖಾಂತ್ಯ ಚೆನ್ನಾಗಿದೆ. ವಾಸ್ತವ ಮಾತ್ರ ಕೈಕೊಟ್ಟಿದೆ. ಅಷ್ಟು ಅನುಭವ ಇರೋ ಮೆಕ್ಯಾನಿಕ್ಕು ಉಲ್ಟಾ ತಿರುಗಿಸ್ತಾನಾ? ಓದುಗರು ನಂಬಲ್ಲ. ಬಲ್ಲೋರು ಯಾರನ್ನಾದ್ರೂ ಕೇಳಿ ಸರಿ ಮಾಡ್ಕೊಡಿ."

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಗಾಯಕ್ಕೆ ಬಟ್ಟೆ ಸುತ್ತಿದ ಕೈಯಿಂದ ಫೋನ್ ತೆಗೆದುಕೊಂಡರು.

"ಸಾರ್, ನಾನು ಲಿಫ್ಟ್ ಮೆಕ್ಯಾನಿಕ್ಕು. ಆಗುತ್ತೆ."

"ಹೇಗೆ ಸಾರ್ ಆಗುತ್ತೆ?"

ಸಂಪಾದಕರು ಎರಡು ಸಲ ಹಲೋ ಎಂದರು.

"ಒಳಗೆ ಬೇರೆ ಯಾರಿದ್ರೂ ಆಗಲ್ಲ" ಎಂದರು ಚಿಕ್ಕಪ್ಪ. "ಇವಳಿದ್ರೆ ಆಗುತ್ತೆ."

ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಮತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡರು. ಚಿಕ್ಕಮ್ಮ ಫೋನನ್ನು ನನ್ನ ಕೈಗೆ ತುರುಕಿದಳು. ಆಮೇಲೆ ಫೋನ್ ಮಾಡ್ತಾರೆ ಸಾರ್ ಎಂದು ನಾನೇ ಹೇಳಿ ಕಟ್ ಮಾಡಿದೆ. ಅವಳು ಸ್ಟೂಲಿನ ಮೇಲೆ ಕೂತು ಸೆರಗನ್ನು ಮುಖಕ್ಕೊತ್ತಿಕೊಂಡು ಮನಸಾರೆ ಅತ್ತಳು.

"ಕಣ್ಣು ಊದ್ಕೊಳ್ಳುತ್ತೆ" ಎಂದರು ಚಿಕ್ಕಪ್ಪ, ತಲೆ ಎತ್ತದೆ.

"ಊದ್ಕೊಳ್ಳಲಿ ಬಿಡ್ರೀ" ಎಂದು ಚಿಕ್ಕಮ್ಮ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ಕೈಚಾಚಿ ಒಂದು ಹೊಸ ಹಾಳೆ ಕೇಳಿದಳು.