ಒಡೆದ ಹೆಬ್ಬಾತು

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕಿನಾವಿಗೆ ಬೀಳುತ್ತಿದ್ದದ್ದು ಒಂದೇ ಕನಸು. ಕಾಲುವೆಯ ನೀರಿನ ಮೇಲೆ ಬಿಳಿ ಹೆಬ್ಬಾತೊಂದು ಕತ್ತನ್ನು ರೆಕ್ಕೆಯೊಳಗೆ ಹುದುಗಿಸಿ ಮಲಗಿದೆ; ಅದರ ಹೊಟ್ಟೆಯೊಳಗೆ ಯಾರೋ ದೀಪ ಹಚ್ಚಿಟ್ಟಿದ್ದಾರೆ. ಕಣ್ಣು ಮುಚ್ಚಿದರೆ ಸಾಕು, ತೇಲಿಕೊಂಡು ಬರುತ್ತಿತ್ತು. ಕಣ್ಣು ಬಿಟ್ಟರೆ ಮತ್ತೆ ಅದೇ ಬೆವರು, ಅದೇ ನಡುಕ, ಅದೇ ಗುಳಿಗೆಯ ಹಂಬಲ.

ಅದು ನೋವು ಮರೆಸುವ, ಚಟ ಹಿಡಿಸುವ ಗುಳಿಗೆ. ನೈಲ್ ನದಿಯ ಪಡುವಣ ದಂಡೆಯ ನಮ್ಮೂರುಗಳಲ್ಲಿ ವ್ಯಾನು ಓಡಿಸುವವರು, ಕಬ್ಬು ಕಡಿಯುವವರು, ಮದುಮಗ ಕೂಡ ಅದನ್ನು ಹುರಿಗಡಲೆಯ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಗಂಡಸಾದವನಿಗೆ ದಣಿವೇ ಇರಕೂಡದು ಎಂಬ ಹಾಳು ಹೆಮ್ಮೆ ನಮ್ಮವರಿಗೆ. ಆ ಹೆಮ್ಮೆಗಿಷ್ಟು ಬೆಂಕಿ ಬೀಳ! ಕಿನಾವಿ ಮೊದಲು ವ್ಯಾನು ಕಳೆದುಕೊಂಡ, ಆಮೇಲೆ ಹೆಂಡತಿಯನ್ನು. ತವರಿಗೆ ಹೊರಟಾಗ ನಬವಿಯಾ ಕೂಗಾಡಲಿಲ್ಲ.

"ನಿನ್ನ ಆಣೆ ಕೇಳಿ ಕೇಳಿ ಸಾಕಾಗಿದೆ. ಬಸ್ತಾವಿ ಮಾವ ಬಂದು, ಇವನು ಬಿಟ್ಟಿದ್ದಾನೆ ಅಂತ ಅವರ ಬಾಯಿಂದ ಹೇಳ್ಲಿ. ಅವತ್ತು ಬರ್ತೀನಿ."

ಬಸ್ತಾವಿ ಕಿನಾವಿಯ ಸೋದರಮಾವ. ಬೆಟ್ಟದ ಬುಡದಲ್ಲಿ, ಬೆಳಕು ತೂರುವ ಹಾಲುಗಲ್ಲು ಕೆತ್ತುವ ಅಂಗಳ ಅವನದು. ಬಾಯಿ ಬಲು ಖಾರ. ಆದರೆ ಸತ್ತರೂ ಸುಳ್ಳಾಡುವವನಲ್ಲ. ಆಸ್ಪತ್ರೆಯಿಂದ ಬಂದ ಅಳಿಯನನ್ನು ನೆರಳಿಗೆ ಕೂರಿಸಿ, ಕಪ್ಪು ಚಹಾಕ್ಕೆ ಸಕ್ಕರೆ ಸುರಿದು ಕೊಟ್ಟ.

"ಕೂತು ಹೂದಾನಿ ಉಜ್ಜು. ಒಂದೇ ಒಂದು ಗುಳಿಗೆ ನುಂಗಿದ್ದು ಗೊತ್ತಾದ್ರೂ ಈ ಹೊಸ್ತಿಲು ತುಳೀಬೇಡ."

ಉಜ್ಜುತ್ತ ಉಜ್ಜುತ್ತ ದಿನಗಳು ಬಿಳಿ ಧೂಳಿನಲ್ಲಿ ಕರಗಿಹೋದವು. ಕೈನಡುಕ ಮಾತ್ರ ಹೋಗಲಿಲ್ಲ. ಒಂದು ಇಳಿಹೊತ್ತು, ಮೂಲೆಯಲ್ಲಿ ಬಿದ್ದಿದ್ದ ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬಿತ್ತು. ಕಲ್ಲಿನ ಅಂಚು ಒಳಗಿನಿಂದಲೇ ಬೆಳಗಿತು.

"ಮಾವ, ಇದರೊಳಗೆ ಹೆಬ್ಬಾತಿದೆ."

"ಇದ್ರೆ ಇರ್ಲಿ, ಕಾಳು ಹಾಕೋಕೆ ಹೋಗ್ಬೇಡ" ಎಂದ ಬಸ್ತಾವಿ. ಕಲ್ಲನ್ನು ಮಾತ್ರ ಅವನ ಮುಂದಕ್ಕೆ ಉರುಳಿಸಿದ.

ಚಳಿಗಾಲವಿಡೀ ಕಿನಾವಿ ಆ ಕಲ್ಲಿನ ಜೊತೆಗೇ ಇದ್ದ. ಅರ ಹಿಡಿದು ಕೂತರೆ ಊಟದ ನೆನಪಿಲ್ಲ, ಗುಳಿಗೆಯ ನೆನಪೂ ಇಲ್ಲ. ತಾನು ಕೆತ್ತುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ಅವನಿಗೇ ತಿಳಿಯುತ್ತಿರಲಿಲ್ಲ. ಕತ್ತು ಬಳುಕಿತು, ರೆಕ್ಕೆ ಮಡಿಚಿಕೊಂಡಿತು. ಎಷ್ಟೋ ವರ್ಷಗಳ ಮೇಲೆ ಅವನು ಸುಖವಾಗಿದ್ದ.

ಇನ್ನು ಉಳಿದದ್ದು ದೀಪ ಇಡಲು ಒಳಗನ್ನು ಟೊಳ್ಳು ಮಾಡುವ ಕೆಲಸ. ತೋಡುವಾಗ ಕಲ್ಲು ಸೀಳದಿರಲೆಂದು ನಮ್ಮವರು ಅದಕ್ಕೆ ಅಂಟು ಬಳಿದ ಬಟ್ಟೆಯನ್ನು ಬಿಗಿಯಾಗಿ ಸುತ್ತುತ್ತಾರೆ. ಆಮೇಲೆ ಕಣ್ಣಿಗೆ ಕೆಲಸವಿಲ್ಲ. ಬುಡದ ತೂತಿನೊಳಗೆ ಬಾಗಿದ ಸಲಾಕೆ ತಿರುಗಿಸುತ್ತ, ಅದು ಕೆರೆಯುವ ಸದ್ದಿನಿಂದಲೇ ಗೋಡೆ ಎಷ್ಟು ತೆಳುವಾಯಿತೆಂದು ತಿಳಿಯಬೇಕು. ತೆಳುವಾದಷ್ಟೂ ಬೆಳಕು. ಕೈ ಒಂಚೂರು ಅಲುಗಿದರೆ ಎಲ್ಲ ಮುಗಿಯಿತು.

"ಕೊನೇದು ನಾನು ತೋಡಿಕೊಡ್ತೀನಿ" ಎಂದ ಬಸ್ತಾವಿ.

"ಬೇಡ ಮಾವ. ಇದು ನಂದು."

ಬಸ್ತಾವಿ ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತಿಗೆ, ಹಿಂದೆ ಜೊತೆಯಲ್ಲಿ ವ್ಯಾನು ಓಡಿಸುತ್ತಿದ್ದ ಗಾದ್ ಬಂದ. ನಡುಗುವ ಕೈ ನೋಡಿ ತುಟಿಯಲ್ಲೇ ನಕ್ಕು, ಗುಳಿಗೆ ತುಂಬಿದ ಬೆಳ್ಳಿಹಾಳೆಯೊಂದನ್ನು ಕಿನಾವಿಯ ಮಡಿಲಿಗೆ ಎಸೆದ.

"ಒಂದು ಹಾಕ್ಕೋ, ಕೈ ಹೇಗೆ ನಿಲ್ಲುತ್ತೆ ನೋಡು. ಮೋಜಿಗಲ್ವಲ್ಲೋ ಮಾರಾಯ, ಕೆಲಸಕ್ಕೆ ತಾನೇ?"

ಗಾದ್ ಹೊರಟುಹೋದ. ಅವನು ಹೇಳಿದ್ದು ನಿಜವೇ. ಒಂದು ನುಂಗಿದರೆ ಕೈ ನಿಲ್ಲುತ್ತದೆ, ಹೆಬ್ಬಾತು ಉಳಿಯುತ್ತದೆ. ಮಾವ ಬರುವುದಕ್ಕೂ ಇನ್ನೂ ಹೊತ್ತಿತ್ತು. ಕಿನಾವಿ ಹಾಳೆಯನ್ನು ಬೆರಳಲ್ಲಿ ತಡವಿದ. ಬೇಕು ಅನಿಸಿತು, ಅಳು ಬರುವಷ್ಟು ಬೇಕು ಅನಿಸಿತು. ಹಾಳೆಯನ್ನು ನೆಲದ ಮೇಲಿಟ್ಟು ಸಲಾಕೆ ಕೈಗೆತ್ತಿಕೊಂಡ. ಕಣ್ಣು ಮುಚ್ಚಿದ. ಕಾಲುವೆ, ನೀರು, ಆ ದೀಪ. ಸದ್ದು ತೆಳುವಾಗುತ್ತ ಹೋಯಿತು, ಇನ್ನೂ ತೆಳುವಾಯಿತು. ಅಷ್ಟರಲ್ಲಿ ಕೈ ಜಾರಿತು. ಸಲಾಕೆಯ ತುದಿ ಬಟ್ಟೆ ಹರಿದುಕೊಂಡು ಹೊರಗೆ ಬಂತು.

ಬಸ್ತಾವಿ ಬಂದಾಗ ಕಿನಾವಿ ಮಂಡಿಯಲ್ಲಿ ಮುಖವಿಟ್ಟು ಅಳುತ್ತಿದ್ದ. ಮುದುಕನ ಕಣ್ಣಿಗೆ ಮೊದಲು ಬಿದ್ದದ್ದು ಗುಳಿಗೆಯ ಹಾಳೆ.

"ತಗೊಂಡ್ಯೇನೋ, ದರಿದ್ರದವನೇ?"

"ತಗೊಂಡಿದ್ರೆ ಕೈ ನಡುಗ್ತಿರ್ಲಿಲ್ಲ ಮಾವ. ಹೆಬ್ಬಾತು ಒಡೀತಿರ್ಲಿಲ್ಲ."

ಬಸ್ತಾವಿ ಹಾಳೆಯನ್ನು ತಿರುಗಿಸಿ ನೋಡಿದ. ಒಂದು ಗುಳಿಗೆಯೂ ಕದಲಿರಲಿಲ್ಲ. ಕೆಳಗೆ ಕೂತು ನಿಧಾನವಾಗಿ ಬಟ್ಟೆ ಬಿಚ್ಚಿದ. ಹೆಬ್ಬಾತಿನ ಎದೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಬಿಸಿಲಿಗೆ ಎತ್ತಿ ಹಿಡಿದಾಗ ಮೈಯೆಲ್ಲ ಕೆನೆಹಾಲಿನ ಹಾಗೆ ಬೆಳಗಿತು.

ಆಮೇಲೆ ಮುದುಕ ಮುಂಡಾಸು ಸರಿಮಾಡಿಕೊಂಡು, ಹೆಬ್ಬಾತನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದ.

"ಎಲ್ಲಿಗೆ ಮಾವ? ತೂತು ಬಿದ್ದದ್ದನ್ನ ಯಾರು ಕೊಳ್ತಾರೆ?"

"ಮಾರೋಕಲ್ಲ. ನಬವಿಯಾಗೆ ತೋರಿಸೋಕೆ" ಎಂದ ಬಸ್ತಾವಿ. "ನಾನು ಬರೋ ಹೊತ್ತಿಗೆ ಇನ್ನೊಂದು ಕಲ್ಲು ಆರಿಸಿಟ್ಟಿರು."