ನೀಮಾಳ ಹರದನಹಳ್ಳಿ ಕನ್ನಡ

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಇದ್ದಕ್ಕಿದ್ದಂತೆ ಕನ್ನಡ ಮಾತಾಡುವುದನ್ನು ನಿಲ್ಲಿಸಿಬಿಟ್ಟಳು.

ಬೆಳಿಗ್ಗೆ ಮೆಟ್ಟಿಲಿಳಿಯುತ್ತಾ "ಓಗ್ಬುಟ್ ಬತ್ತೀನಿ ಕಣಜ್ಜಿ" ಎಂದು ನಮ್ಮ ಅತ್ತೆಗೆ ಕೂಗಿ ಹೇಳಿ ಹೋಗುವುದು ಅವಳ ರೂಢಿ. ಆವತ್ತು ತಲೆ ತಗ್ಗಿಸಿಕೊಂಡು "ಬೈ" ಎಂದಷ್ಟೇ ಹೇಳಿ ಗೇಟು ದಾಟಿದಳು. ಮರುದಿನವೂ ಅಷ್ಟೇ.

ಹುಡುಗಿಯ ಹೆಸರು ನೀಮಾ. ದೇಶ ಟಾಂಜಾನಿಯಾ. ಹಾಸನಕ್ಕೆ ಕೃಷಿ ಎಂಎಸ್ಸಿ ಓದಲು ಬಂದವಳು. ನಮ್ಮ ಮಕ್ಕಳು ಓದಲು ಫಾರಿನ್ನಿಗೆ ಹೋಗುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ನಮ್ಮ ಹಾಸನವೇ ಯಾರಿಗೋ ಫಾರಿನ್ ಆಗಬಹುದು ಎಂದು ಹೊಳೆದದ್ದು ಇವಳು ಬಂದ ಮೇಲೆ.

ಬಂದ ಹೊಸದರಲ್ಲಿ ಅವಳು ಪಟ್ಟ ಪಾಡು ಕೇಳಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಯಾರ್ಯಾರೋ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಹೆಣೆದ ಕೂದಲನ್ನು ಮುಟ್ಟಿ ನೋಡಿ "ಒರಿಜಿನಲ್ಲಾ?" ಎಂದು ಕೇಳುತ್ತಿದ್ದರು (ಅವಳನ್ನಲ್ಲ, ನನ್ನನ್ನು). ಸಂಜೆ ರೂಮು ಸೇರಿದಳೆಂದರೆ ಬಾಗಿಲು ತೆರೆಯುತ್ತಿರಲಿಲ್ಲ.

ಇದನ್ನು ನೋಡಿ ಸುಮ್ಮನಿರಲು ಆಗದವರು ನಮ್ಮ ಅತ್ತೆ. ಹೊಳೆನರಸೀಪುರದ ಕಡೆಯ ಹರದನಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಈಗ ಎಪ್ಪತ್ತು ದಾಟಿದೆ. "ಬಾಯಿದ್ದೂ ಮೂಗಿ ಅಂಗೆ ಕುಂತವ್ಳಲ್ಲ ಆ ಮಗ" ಎನ್ನುತ್ತಾ, ಮಂಡಿನೋವನ್ನೂ ಲೆಕ್ಕಿಸದೆ ಮಹಡಿ ಹತ್ತಿ, ಕೈಹಿಡಿದು ಕರೆತಂದರು. ನೆನೆಹಾಕಿದ ಅವರೆಕಾಳಿನ ಬೋಗುಣಿ ಮುಂದೆ ಕೂರಿಸಿದರು. ಕಾಳು ಹಿಸುಕುತ್ತಾ ಪಾಠ ಶುರುವಾಯಿತು.

"ಇದು ಕಾಳು. ಇದು ಸಿಪ್ಪೆ. ಅಂಗಲ್ಲ ಕಣ್ ನೀಮವ್ವ, ಇಂಗೆ ಇಸುಕು."

ನೀಮಾ ಬೇಗ ಕಲಿತಳು. ಅವಳ ಸ್ವಾಹಿಲಿಯಲ್ಲೂ ನಮ್ಮ ಹಳ್ಳಿಯವರ ಹಾಗೆ ಇಂಗ್ಲಿಷ್ ಪದಗಳಿಗೆಲ್ಲ ಒಂದು ಬಾಲ ಅಂಟಿಸುತ್ತಾರಂತೆ. ಬಸ್ಸಿಗೆ ಬಾಸಿ. ಬ್ಯಾಂಕಿಗೆ ಬೆಂಕಿ. "ಈಗ ಬೆಂಕಿಗೆ ಓಯ್ತೀನಿ" ಎಂದು ಅವಳು ಹೊರಟ ದಿನ ಅತ್ತೆ ಅವಳ ಕೈ ಬಿಡಲೇ ಇಲ್ಲ. ಅವರೆ ಸೀಸನ್ನು ಮುಗಿಯುವ ಹೊತ್ತಿಗೆ ಸೊಪ್ಪಿನವಳ ಹತ್ತಿರ ಚೌಕಾಶಿ ಮಾಡುವಷ್ಟು ಮಾತು ಬಂದಿತ್ತು.

ಇಂಥವಳು ಯಾಕೆ ಮಾತು ಬಿಟ್ಟಳು?

ಬಾಯಿ ಬಿಡಿಸಲು ಎರಡು ಲೋಟ ಕಾಫಿ ಬೇಕಾಯಿತು. ಕಾಲೇಜಿನ ಫ್ರೆಶರ್ಸ್ ಡೇ ದಿನ ಅವಳನ್ನು ಸ್ಟೇಜಿಗೆ ಕರೆದು ಕನ್ನಡದಲ್ಲಿ ಮಾತಾಡು ಎಂದಿದ್ದರು. "ನಾನು ಬಾಳ ದೂರದಿಂದ ಬಂದಿವ್ನಿ, ನಿಮ್ಮೂರು ನಂಗೆ ಬೋ ಇಷ್ಟ ಕಣ್ರಪ್ಪಾ" ಎಂದಳಂತೆ. ಹಾಲ್ ಪೂರ್ತಿ ನಗು. ಖುಷಿಗೆ ನಗುತ್ತಿದ್ದಾರೆ ಎಂದುಕೊಂಡು ಇವಳೂ ನಕ್ಕಳು. ಆಮೇಲೆ ಅದು ರೀಲ್ ಆಗಿ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಕೊನೆಗೆ ಗೆಳತಿಯೊಬ್ಬಳು ಬಿಡಿಸಿ ಹೇಳಿದಳು: "ನೀನು ಗಮಾರರ ಥರ ಮಾತಾಡ್ತೀಯ, ಅದಕ್ಕೇ ನಗ್ತಾರೆ."

"ಆಂಟಿ, ನನಗೆ ಸರಿಯಾದ ಕನ್ನಡ ಕಲಿಸಿ" ಎಂದಳು ನೀಮಾ. ಇಂಗ್ಲಿಷಿನಲ್ಲಿ.

ವಾರವಾರ ಪತ್ರಿಕೆಗೆ ಕನ್ನಡದಲ್ಲಿ ಬರೆಯುವವಳು ನಾನು. ಇಂಥ ಶಿಷ್ಯೆ ಸಿಕ್ಕರೆ ಬಿಡುತ್ತೇನೆಯೇ? ಹೋಗುತ್ತೇನೆ, ಬರುತ್ತೇನೆ, ಇದ್ದಾರೆ, ಇಲ್ಲ. ಕೆಲವೇ ದಿನಗಳಲ್ಲಿ ಹುಡುಗಿ ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡತೊಡಗಿದಳು. "ಅಜ್ಜಿ, ನಾನು ಕಾಲೇಜಿಗೆ ಹೋಗಿ ಬರುತ್ತೇನೆ" ಎಂದಾಗ ನನಗೆ ಹೆಮ್ಮೆಯೇ ಆಯಿತು.

ಅತ್ತೆಗೆ ಆಗಲಿಲ್ಲ. "ಯಾಕ್ ಸುಧಾ, ಆ ಮಗ ನನ್ ತಾವ ಬ್ಯಾರೆವ್ರಂಗೆ ಮಾತಾಡ್ತದೆ? ನನ್ ಮ್ಯಾಲೆ ಸಿಟ್ಟಾ?"

"ಇಲ್ಲ ಅತ್ತೆ, ಹಳ್ಳಿ ಮಾತು ಅಂತ ಕಾಲೇಜಲ್ಲಿ ನಕ್ಕರಂತೆ."

"ಅಂಗಾರೆ ನನ್ ಮಾತಿಗಲ್ವಾ ಅವ್ರು ನಕ್ಕಿದ್ದು" ಎಂದರು ಅತ್ತೆ.

ಆ ಸಂಜೆ ನೀಮಾ ಬಂದಾಗ ಅತ್ತೆ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು ಕೇಳಿದರು: "ಹೂಟ ಹಾಯ್ತಾ?"

ಎಲ್ಲಿ ಹಕಾರ ಬಿಟ್ಟರೆ ಜನ ನಗುತ್ತಾರೋ ಎಂಬ ಭಯಕ್ಕೆ ಬೇಡದ ಕಡೆಯೂ ಹಚ್ಚಿದ್ದರು. ನೀಮಾ "ಆಯಿತು ಅಜ್ಜಿ, ಧನ್ಯವಾದಗಳು" ಎಂದು ಮಹಡಿ ಹತ್ತಿದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ ನಿಂತೆ. ತಮ್ಮದೇ ಮನೆಯ ನಡುಮನೆಯಲ್ಲಿ ಈ ವಯಸ್ಸಿನಲ್ಲಿ ಮಾತು ತಿದ್ದಿಕೊಳ್ಳುವ ಗತಿ ಅವರಿಗೆ ಬಂದಿತ್ತು. ಆಮೇಲೆ ಅತ್ತೆ, ನೀಮಾ ಇಬ್ಬರೂ ಒಬ್ಬರೊಡನೊಬ್ಬರು ಮಾತು ಕಡಿಮೆ ಮಾಡಿದರು.

ನೀಮಾಳ ಥೀಸಿಸ್ ಹಳ್ಳಿಯ ಹೆಂಗಸರು ಬಿತ್ತನೆ ಬೀಜ ಕಾಪಾಡಿಕೊಳ್ಳುವ ರೀತಿಯ ಬಗ್ಗೆ. ಒಂದು ಭಾನುವಾರ ಜೊತೆಗೆ ಬರಬೇಕಿದ್ದ ಸಹಪಾಠಿ ಕೈಕೊಟ್ಟಳು. ನಾನೇ ಕಾರು ತೆಗೆದೆ. ಹೊಳೆನರಸೀಪುರ ತಾಲ್ಲೂಕಿನಲ್ಲೇ, ಹಳ್ಳಿಮೈಸೂರಿನಾಚೆಯ ಒಂದು ಊರು. ಜಯಮ್ಮ ಎಂಬ ರೈತ ಹೆಂಗಸಿನ ಮನೆ. ಅಂಗಳದಲ್ಲಿ ರಾಗಿ ಹರವಿತ್ತು.

ನೀಮಾ ಫೈಲು ತೆರೆದು ಕೇಳಿದಳು: "ಬಿತ್ತನೆ ಬೀಜವನ್ನು ನೀವು ಹೇಗೆ ಸಂಗ್ರಹಿಸುತ್ತೀರಿ?"

ಜಯಮ್ಮ ಸೆರಗು ಹೊದ್ದು ನೆಟ್ಟಗೆ ನಿಂತರು. ಉತ್ತರ ಹೇಳಿದ್ದು ನನಗೆ. "ಯಾವ ಸ್ಕೀಮು ಮೇಡಂ ಇದು? ಬೀಜ ಎಲ್ಲಾ ಸೊಸೈಟೀಲೇ ತತ್ತೀವಿ."

ಮುಂದಿನ ಪ್ರಶ್ನೆಗಳಿಗೂ ಇಂಥದೇ ಉತ್ತರ. ಹೂಂ ಮೇಡಂ, ಇಲ್ಲ ಮೇಡಂ. ನೀಮಾಳ ಪೆನ್ನು ಬರೆಯಲು ಏನೂ ಸಿಗದೆ ನಿಂತಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಕೋಳಿಗಳು ನುಗ್ಗಿ ರಾಗಿಗೆ ಬಾಯಿ ಹಾಕಿದವು. ನೀಮಾ ಎದ್ದೇಬಿಟ್ಟಳು.

"ಏಯ್, ಓಗತ್ಲಾಗೆ! ಅವ್ವಾ, ಕೋಳಿಗಳು ರಾಗಿ ತಿಂತಾ ಅವೆ ನೋಡವ್ವಾ."

ಜಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು. ನಗು ನಿಲ್ಲಲೇ ಇಲ್ಲ. ನೀಮಾಳ ಮುಖ ಸಣ್ಣದಾಯಿತು. ಫೈಲು ಮುಚ್ಚಿ "ಸಾರಿ, ತಪ್ಪು ಮಾತಾಡಿದೆ" ಎಂದಳು.

"ತಪ್ಪೇನವ್ವಾ? ನಮ್ ಮಾತು ನಿನ್ ಬಾಯಾಗೆ ಕೇಳಿ ಸಂತೋಸ ಆಯ್ತು ಕಣ. ಯಾರ್ ಕಲ್ಸುದ್ರು?"

"ಅಜ್ಜಿ. ಹರದನಹಳ್ಳಿ ಅಜ್ಜಿ."

"ಅಂಗಾರೆ ನೀನು ನಮ್ ತಾಲ್ಲೂಕ್‌ನವ್ಳೇಯ ಬುಡು. ಬಾ, ಒಳಕ್ಕೆ ಬಾ."

ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಹಿಂದೆ ಹೋದೆ. ಅಟ್ಟದಿಂದ ಮಡಕೆಗಳು ಇಳಿದವು. ಬೂದಿ ಬೆರೆಸಿಟ್ಟ ಅವರೆ ಬೀಜ, ಬೇವಿನೆಲೆಯ ಕೆಳಗಿನ ಅಲಸಂದೆ. "ನಮ್ಮತ್ತೆ ಕೊಟ್ಟಿದ್ ತಳಿ ಇದು, ಸೊಸೈಟೀಲಿ ಎಲ್ ಸಿಕ್ಕದು?" ಎಂದರು ಜಯಮ್ಮ. ನೀಮಾ ಬರೆದದ್ದೇ ಬರೆದದ್ದು. ಮಾತೆಲ್ಲ ಹರದನಹಳ್ಳಿ ಕನ್ನಡದಲ್ಲೇ.

ವಾಪಸು ಬರುವಾಗ ಕಾರಿನಲ್ಲಿ, ಹೊಳೆನರಸೀಪುರ ದಾಟಿದ ಮೇಲೆ ನೀಮಾ ಹೇಳಿದಳು. ಊರಿನಲ್ಲಿರುವ ಅವಳ ಸ್ವಂತ ಅಜ್ಜಿಯದು ಸ್ವಾಹಿಲಿಯಲ್ಲ, ಗುಡ್ಡದ ಕಡೆಯ ಬೇರೆಯೇ ಭಾಷೆ. ಇವಳು ಬೆಳೆದದ್ದು ಪೇಟೆಯಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ. ಅಜ್ಜಿ ಹೇಳಿದ್ದು ಅರ್ಥವಾಗುತ್ತದೆ, ತಿರುಗಿ ಮಾತಾಡಲು ಬಾರದು. "ಅಜ್ಜಿ ಮಾತು ಅಂತ ನನಗೆ ಬಂದಿದ್ದು ಇಲ್ಲೇ ಮೊದಲು, ಆಂಟಿ. ಅದಕ್ಕೂ ನಕ್ಕಾಗ ತಡೆಯಲಿಕ್ಕೆ ಆಗಲಿಲ್ಲ."

ಸ್ಟೀರಿಂಗ್ ಹಿಡಿದಿದ್ದೆನಾದ್ದರಿಂದ ಅವಳ ಮುಖ ನೋಡುವುದು ತಪ್ಪಿತು. ಒಳ್ಳೆಯದೇ ಆಯಿತು.

ಮನೆಗೆ ಬಂದವಳೇ ಅತ್ತೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. "ಅಜ್ಜಿ, ಬೋ ಅಸಿವಾಯ್ತಾ ಅದೆ. ಏನ್ ಮಾಡಿದ್ದೀಯ?"

ಅತ್ತೆ ಅವಳನ್ನೇ ನೋಡಿದರು. "ಹು..." ಎಂದು ಶುರು ಮಾಡಿ, ತಡೆದು, ಕೈಚೆಲ್ಲಿದರು. "ಉಪ್ಸಾರು ಕಣ್ ಮಗ. ಕೈ ತೊಳ್ಕಂಡು ಬಾ."

ಇಷ್ಟರಿಂದ ಎಲ್ಲವೂ ಸರಿಹೋಯಿತು ಎಂದೇನಲ್ಲ. ಕಾಲೇಜಿನಲ್ಲಿ ನೀಮಾ ಈಗಲೂ ನಾನು ಕಲಿಸಿದ ಕನ್ನಡವನ್ನೇ ಆಡುತ್ತಾಳೆ. ಅದೂ ಅವಳಿಗೆ ಬೇಕು. ರೀಲ್ ಮಾಡಿದವರು ಬಂದು ಕ್ಷಮೆಯನ್ನೂ ಕೇಳಲಿಲ್ಲ. ವಿಮಾನ ಹತ್ತುವ ನಮ್ಮ ಮಕ್ಕಳಿಗೆ ನಾವು ಕೊಡುವ ಬುದ್ಧಿವಾದ ಒಂದೇ: "ಅಡ್ಜಸ್ಟ್ ಮಾಡ್ಕೋ." ನಮ್ಮೂರಿಗೆ ಬಂದವರ ವಿಷಯದಲ್ಲಿ ಅಡ್ಜಸ್ಟ್ ಆಗಬೇಕಾದವರು ಯಾರು ಎಂದು ನಾವು ಕೇಳಿಕೊಂಡದ್ದಿದೆಯೇ?

ಮೊನ್ನೆ ನನ್ನ ಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಅವರ ಮನೆಯಿರುವುದು ಇದೇ ಹಾಸನದಲ್ಲಿ, ಸ್ಕೂಟರಿನಲ್ಲಿ ಹೋದರೆ ಹತ್ತೇ ನಿಮಿಷ. ಅತ್ತೆ ಮರಿಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನೋ ಕಥೆ ಶುರು ಮಾಡಿದರು. ಮಗು ಸ್ವಲ್ಪ ಕೇಳಿ, ಪಕ್ಕದಲ್ಲಿ ಕೂತಿದ್ದ ನೀಮಾಳ ಕಡೆ ತಿರುಗಿ, "ವಾಟ್ ಈಸ್ ಶಿ ಸೇಯಿಂಗ್?" ಎಂದಿತು. ನೀಮಾ ಕಥೆಯನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು.

ಈಗ ನೀವೇ ಹೇಳಿ, ನಮ್ಮ ಮನೆಯಲ್ಲಿ ಫಾರಿನ್ನಿನವರು ಯಾರು?